ಅಳಿವೆಯಿಂದ ಮೇಲಕ್ಕೆ

ತುಂಬೆಯಲ್ಲಿ ಪಾಳಿಗೆ ಮೂರು ಸಲ
ಗಾಜಿನ ಬಾಟಲಿಗೆ ನೇತ್ರಾವತಿಯನ್ನು ಮೊಗೆದು
ಬೆಳಕಿಗೆ ಹಿಡಿದು ನೋಡುವುದು ನನ್ನ ನೌಕರಿ.
ಕದಡಿನ ಅಂಕೆಯನ್ನು ಪುಸ್ತಕದಲ್ಲಿ ಬರೆಯುತ್ತೇನೆ.
ಬಣ್ಣ ಬರೆಯಲು ಅದರಲ್ಲಿ ಜಾಗವಿಲ್ಲ.

ಬಂಟ್ವಾಳದಲ್ಲಿ ಬಿಸಿಲಿರುವಾಗಲೇ ನೀರು ಕೆಂಪಾದರೆ
ಮೇಲೆ ಎಲ್ಲೋ ಸುರಿದಿದೆ ಎಂದು ಲೆಕ್ಕ.
ಎಲ್ಲಿ?
ಗೋಡೆಯ ನಕ್ಷೆ ಹೆಸರುಗಳನ್ನಷ್ಟೇ ಒಪ್ಪಿಸುತ್ತದೆ:
ಕುದುರೆಮುಖದ ಮಗ್ಗುಲಿಂದ ಇಳಿದ ಗೆರೆ,
ಅದಕ್ಕೆ ಚಾರ್ಮಾಡಿಯ ಕಡೆಯಿಂದ ಮೃತ್ಯುಂಜಯ,
ನೆರಿಯದ ಹೊಳೆ,
ಶಿಶಿಲದ ಮೀನುಗಳ ನಡುವೆ ನುಸುಳಿ ಬಂದ ಕಪಿಲೆ.
ಗುಂಡ್ಯದ್ದು ನೇರ ಬರುವುದಿಲ್ಲ;
ಕುಮಾರಧಾರೆಗೆ ಸೇರಿ ಒಮ್ಮೆ ಹೆಸರು ಬಿಟ್ಟು
ಉಪ್ಪಿನಂಗಡಿಯಲ್ಲಿ ಇನ್ನೊಮ್ಮೆ ಬಿಡುತ್ತದೆ.

ಸಂಜೆ ಬಂದರಿನ ಧಕ್ಕೆಯಿಂದ ಬೆಂಗ್ರೆಗೆ
ಪುತ್ತುಬಾವಾಕನ ದೋಣಿ.
ದಾಟುವುದು ಫಲ್ಗುಣಿಯನ್ನು. ನನ್ನ ಹೊಳೆ ಅದಲ್ಲ.
ಇಡೀ ಊರನ್ನು ನಡುವೆ ಇಟ್ಟುಕೊಂಡು
ಬಂದಿವೆ ಇವೆರಡೂ, ಮಾತು ಬಿಟ್ಟ ದಾಯಾದಿಗಳ ಹಾಗೆ,
ಒಂದು ಪಾಣೆಮಂಗಳೂರಿನ ದಾರಿ ಹಿಡಿದು, ಒಂದು ಪೊಳಲಿಯದ್ದು.
ಅಳಿವೆ ಬಾಗಿಲಲ್ಲಿ, ಇನ್ನೇನು ಉಪ್ಪಾಗಬೇಕು ಎನ್ನುವಾಗ ಎದುರಾಗಿ
ಕ್ಷೇಮ ಕೇಳಲೂ ಹೊತ್ತಿಲ್ಲದೆ
ಕಡಲಿಗೆ.
ಇಷ್ಟಕ್ಕೇ ಊರನ್ನು ಕುಡ್ಲ ಎಂದೆವು.

ಒಮ್ಮೆ ನಕ್ಷೆಯ ನಕಲು ತೋರಿಸಿದೆ.
ಅವರು ಕಾಗದ ತಿರುಗಿಸಿ
ಕಡಲು ತಮ್ಮ ಹೊಟ್ಟೆಗೆ ಬರುವಂತೆ ಹಿಡಿದರು.
"ಓದುವುದಾದರೆ ಇಲ್ಲಿಂದ ಓದಬೇಕು, ಸುಗಂಧಿ.
ಮೇಲಿಂದ ಓದಿದರೆ ಎಲ್ಲ ಸೇರುವುದೇ ಕಾಣ್ತದೆ.
ಇಲ್ಲಿಂದ ಓದು, ಎಷ್ಟು ಬೇರೆ ಬೇರೆ ಆಗ್ತದೆ ನೋಡು."

ಕೂಳೂರು ಸೇತುವೆಯ ಆಚೆ ಅವರು ಹೋದದ್ದಿಲ್ಲ.
ಆದರೂ ಹೇಳುತ್ತಾರೆ:
ಬಿದಿರಿನ ಬುಡ ತೇಲಿ ಬಂದರೆ ಕುಮಾರಧಾರೆಯ ಬೆಟ್ಟಕ್ಕೆ ಮಳೆ,
ರಬ್ಬರ್ ಹಾಲಿನ ಚಿಪ್ಪು ಬಂದರೆ ನೆರಿಯ,
ಒಂಟಿ ಚಪ್ಪಲಿ ಬಂದರೆ
ಯಾವ ಕಡವಿನದೆಂದು ಕೇಳಬಾರದು.

ಎಪ್ರಿಲ್. ತುಂಬೆಯ ಬಾಗಿಲುಗಳೆಲ್ಲ ಇಳಿದಿವೆ.
ಅಣೆಕಟ್ಟಿನ ಈಚೆ ನೀರು, ಆಚೆ ಬಂಡೆ, ಬಂಡೆಯ ನೆರಳು.
ಹೊಳೆ ಬಿಟ್ಟುಹೋದ ಜಾಗಕ್ಕೆ
ಕಡಲೇ ಏರಿ ಬರುತ್ತದೆ ದಿನಕ್ಕೆರಡು ಸಲ,
ಜೆಪ್ಪಿನಮೊಗರು ದಾಟಿ, ಅಡ್ಯಾರಿನ ಕಡೆಗೆ,
ದಡದ ಬಾವಿಗಳಲ್ಲಿ ಚಹಾ ಕೆಡುವಷ್ಟು.
ನಕ್ಷೆಯಲ್ಲಿ ಆ ಬಾಣದ ಗುರುತಿಲ್ಲ.
ಬೆಂಗ್ರೆಯ ನಮ್ಮ ನಲ್ಲಿಗೆ ಮೂರು ದಿನಕ್ಕೊಮ್ಮೆ
ಕೊಳವೆಯೊಳಗಿಂದ ಕೆಮ್ಮುತ್ತಾ ಬರುತ್ತದೆ
ನಾನೇ ಅಂಕೆ ಬರೆದ ನೀರು.
ಕೊಡಪಾನ ತುಂಬುವಾಗ, ಅಂಗಳದ ಎದುರಲ್ಲೇ
ಇನ್ನೊಂದು ಹೊಳೆ, ಕುಡಿಯಲಾಗದ್ದು,
ತುಂಬಿಕೊಂಡು ನಿಂತಿರುತ್ತದೆ.

"ಉಪ್ಪಿನಂಗಡಿಗೆ ಎಂದಾದರೂ ಹೋದರೆ
ಅಲ್ಲಿಯ ನೀರು ಒಂದು ಬಾಟಲಿ ತಾ" ಎಂದಿದ್ದರು.
ಅವರ ಅಜ್ಜನ ದೋಣಿ ಉಪ್ಪು ಹೇರಿಕೊಂಡು
ಗಳ ಊರಿ ಊರಿ ಅಲ್ಲಿಯವರೆಗೆ ಏರುತ್ತಿತ್ತಂತೆ,
ಮೇಲಕ್ಕೆ ನಾಲ್ಕು ದಿನ, ಕೆಳಕ್ಕೆ ಒಂದೂವರೆ.

ಮೇ ತಿಂಗಳಲ್ಲಿ ಹೋದೆ.
ಎರಡು ಹೊಳೆ ಸೇರುವಲ್ಲಿ ಮರಳೇ ಹೆಚ್ಚು.
ಎಡಗಾಲಿಗೆ ನೇತ್ರಾವತಿ, ಬೆಚ್ಚಗೆ;
ಬಲಗಾಲಿಗೆ ಕುಮಾರಧಾರೆ, ಇನ್ನೂ ಕಾಡಿನ ತಂಪು ಬಿಟ್ಟಿರಲಿಲ್ಲ.
ಹತ್ತು ಹೆಜ್ಜೆ ಕೆಳಗೆ ಹೋಗಿ, ಸೇರಿದ ಮೇಲಿನದನ್ನು ಹಿಡಿದೆ.

ಫಲ್ಗುಣಿಯ ನಡುವೆ ಬಾಟಲಿ ಕೊಟ್ಟೆ.
ಅವರು ಬೆಳಕಿಗೆ ಹಿಡಿಯಲಿಲ್ಲ.
ಮುಚ್ಚಳ ತೆಗೆದು ಮೂಸಿದರು. ನಾಲಿಗೆಗೆ ಒಂದು ತೊಟ್ಟು.
"ಉಪ್ಪು ಹೆಸರಲ್ಲಿ ಮಾತ್ರ ಉಂಟು."
ಉಳಿದದ್ದನ್ನು ದೋಣಿಯ ಅಂಚಿಗೆ ವಾಲಿ
ಮೆಲ್ಲ ಬಗ್ಗಿಸಿದರು.
"ಹೇಗೂ ಬರುವುದಿತ್ತು. ಇದು ಬಸ್ಸಲ್ಲಿ ಬಂತು."

ಖಾಲಿ ಬಾಟಲಿಯನ್ನು ಲುಂಗಿಯ ತುದಿಯಲ್ಲಿ ಒರೆಸಿ
ವಾಪಸು ಕೊಟ್ಟರು.
ಅದು ಆಫೀಸಿನದ್ದು.