ಕಲೆಯಿದ್ದಲ್ಲಿ ಜೇಬು

ಮಂಗಳವಾರ ಬೆಲೆಚೀಟಿ ಅಂಟಿಸುವವಳು ನಾನು,
ಚರ್ಚಿನ ಹಿಂದಿನ ತಗಡಿನ ಶೆಡ್ಡಿನಲ್ಲಿ.
ಹಿಂದೆ ಇಲ್ಲಿ ಸೇಬು ತುಂಬಿಡುತ್ತಿದ್ದರಂತೆ,
ಮಳೆ ಹಿಡಿದ ದಿನ ಈಗಲೂ ಹಲಗೆಗಳಿಂದ
ಹುಳಿಹುಳಿ ವಾಸನೆ ಏಳುತ್ತದೆ.
ಹ್ಯೂಅನ್ ಹೊಳೆಯ ಈ ದಂಡೆಯವರು ಬೇಡವೆಂದದ್ದೆಲ್ಲ
ಬಂದು ಬೀಳುವುದು ನನ್ನ ಮೇಜಿಗೇ.

ಯಾರ ಚೀಲ ಯಾವುದು, ಹೇಳಬಾರದು.
ಗೊತ್ತಂತೂ ಇದೆ:
ಮುಚ್ಚಿದ ಹೋಟೆಲಿನ ಮೆರೂನು ಪರದೆ, ಬಿಯರಿನ ಮುಗ್ಗಲು ಸಮೇತ;
ಶಾಲೆಯ ನಾಟಕದಲ್ಲಿ ಸಮುದ್ರವಾಗಿದ್ದ ನೀಲಿ ಸ್ಯಾಟಿನ್;
ಹಲ್ಲಿನ ಡಾಕ್ಟರು ಒಂದು ದಿನ ಮಾತಿಲ್ಲದೆ ತಂದಿಟ್ಟ
ಜೋಡಿ ಮಂಚದ ಹೊದಿಕೆ, ಮಡಿಕೆ ಬಿಚ್ಚದ್ದು.
ಕಣ್ಣೆತ್ತದೆ ಬರೆದೆ: ಮೂರು ಡಾಲರ್.

ಹತ್ತು ಗಂಟೆಗೆ ಬರುತ್ತಾಳೆ ಯೂನಾ ಟ್ರಿಫಿಟ್.
ಸಾಲ್ಮನ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ
ಮೀನಿನ ಮುಳ್ಳು ಕಿತ್ತ ಬೆರಳು.
ಬಟ್ಟೆಯನ್ನೂ ಹಾಗೇ ಮುಟ್ಟುತ್ತಾಳೆ,
ಒಳಗೆಲ್ಲೋ ಮುಳ್ಳಿದೆ ಎಂಬಂತೆ.
ಬೆಳಕಿಗೆ ಹಿಡಿದು, ಎಳೆದು, ಮೂಸಿ,
'ಇದರಲ್ಲಿ ಎರಡು ಏಪ್ರನ್ನಿದೆ' ಎನ್ನುತ್ತಾಳೆ,
ಬಸುರಿಯ ಹೊಟ್ಟೆ ನೋಡಿದ ಸೂಲಗಿತ್ತಿಯ ಹಾಗೆ.

ಅಳತೆಪಟ್ಟಿ ಅವಳಿಗಿಲ್ಲ.
ಮೊಳ, ಗೇಣು, ಮತ್ತೆ ಒಂದು ಕಂದು ಕಾಗದ,
ಹಿಟ್ಟಿನ ಚೀಲ ಬಿಡಿಸಿ ಕತ್ತರಿಸಿದ್ದು.
ಎದೆಗೆ ಒಂದು ಚೌಕ, ಕಂಕುಳಿಗೆ ಒಂದು ಬಾಗು,
ಲಾಡಿಗೆ ಉಳಿದ ಅಂಚೆಲ್ಲ.
ಅಂಚು ಸಾಲದಿದ್ದರೆ ಯಾರದೋ ಶರ್ಟಿನ ತೋಳು,
ತೋಳೂ ಸಾಲದಿದ್ದರೆ...
ಸಾಲುತ್ತದೆ. ಅವಳಿಗೆ ಸಾಲದ್ದೇ ಇಲ್ಲ.

ಕಲೆಯಿದ್ದಲ್ಲಿ ಜೇಬು.
ಅದೊಂದೇ ಅವಳ ಶಾಸ್ತ್ರ.
ವೈನು ಚೆಲ್ಲಿದ್ದು, ಇಸ್ತ್ರಿ ಕಚ್ಚಿದ ತ್ರಿಕೋನ,
ಯಾವುದೋ ಮಗುವಿನ ಶಾಯಿ,
ಹುಡುಕಿ ಹುಡುಕಿ ಅದರ ಮೇಲೇ ಜೇಬು ಕೂರಿಸುತ್ತಾಳೆ.
ಹಾಗಾಗಿ ಅವಳು ಹೊಲಿದದ್ದರ ಜೇಬು
ಎಂದೂ ನಡುವಿನಲ್ಲಿರುವುದಿಲ್ಲ:
ಒಂದು ಎಡತೊಡೆಗೆ, ಒಂದು ಪಕ್ಕೆಗೆ,
ಒಂದಕ್ಕಂತೂ ಬೆನ್ನಿನ ಕಡೆ.
ಯಾರು ಕೊಂಡರೋ, ಕೈ ತಿರುಚಿ ಏನು ತಡಕುತ್ತಾರೋ.

ಶನಿವಾರದ ಸಂತೆಯಲ್ಲಿ ಎಲ್ಲ ಮಾರಿಹೋಗುತ್ತವೆ.
ಆಮೇಲೆ ಬೀದಿಯಲ್ಲಿ ನಡೆದರೆ ನನಗೆ ನಗು ತಡೆಯದು.
ಬೇಕರಿಯ ಹುಡುಗ ಸಮುದ್ರ ಕಟ್ಟಿಕೊಂಡು ಬನ್ನು ತೆಗೆಯುತ್ತಿದ್ದಾನೆ,
ಪಾದ್ರಿಯ ಹೆಂಡತಿಯ ಸೊಂಟಕ್ಕೆ ಹೋಟೆಲಿನ ಪರದೆ.
ಹಲ್ಲಿನ ಡಾಕ್ಟರು, ಈಗಷ್ಟೇ ಅಡುಗೆ ಕಲಿಯುತ್ತಿರುವಾತ,
ತನ್ನದೇ ಹೊದಿಕೆಯ ಅರ್ಧವನ್ನು
ಹದಿನೆಂಟು ಡಾಲರಿಗೆ ಕೊಂಡ.
ಗುರುತು ಹತ್ತಿತೋ ಇಲ್ಲವೋ, ನಾನು ಕೇಳಿಲ್ಲ.

ಕಳೆದ ಜುಲೈ, ಚಳಿಗೆ ಹೀಟರು ಕೆಮ್ಮುತ್ತಿದ್ದ ಬೆಳಗ್ಗೆ,
ಹೊಬಾರ್ಟಿನಿಂದ ಬಂದ ಮೂಟೆಯಲ್ಲಿ
ಸಿಕ್ಕಿತು ಅವಳದೇ ಒಂದು.
ಹಳದಿ ಚೌಕುಳಿ, ಜೇಬು ಪಕ್ಕೆಗೆ.
ಒಗೆದೊಗೆದು ಹಳದಿ ಮಜ್ಜಿಗೆಯಾಗಿದೆ.
ಲಾಡಿಗೆ ಯಾರೋ ಕಪ್ಪು ಪಟ್ಟಿ ಸೇರಿಸಿದ್ದಾರೆ, ಎರಡು ಮೊಳ.
ಸೊಂಟ ದಪ್ಪವಾಯಿತೇ, ಸೊಂಟವೇ ಬೇರೆಯೇ?
ಆ ಹೊಲಿಗೆಯ ಓಟ ತಿರುವುಮುರುವು, ಎಡಗೈಯವರದ್ದು.
ಜೇಬಿನಲ್ಲಿ ಮರದ ಕ್ಲಿಪ್ಪು, ಒಣಗಿದ ಬಟಾಣಿ ನಾಲ್ಕು,
ಪೆನ್ಸಿಲ್ಲಿನ ಚೀಟಿ:
ಯೀಸ್ಟ್. ಬೆಂಕಿಪೊಟ್ಟಣ. ನೆವಿಲ್‌ಗೆ ಫೋನು.

ಯೂನಾ ಬಂದಳು. ಕೊಟ್ಟೆ.
ಮೂಸಿದಳು. ಬೆಳಕಿಗೆ ಹಿಡಿಯಲಿಲ್ಲ.
ಜೇಬಿನ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಒಳಗೆ ನೋಡಿದಳು.
ಮುಚ್ಚಿದ ಕಲೆ ಅಲ್ಲಿರಲಿಲ್ಲ,
ಅಥವಾ ಬಟ್ಟೆಯೇ ಅದರ ಬಣ್ಣಕ್ಕೆ ಬಂದಿತ್ತು,
ಇಬ್ಬರಿಗೂ ತಿಳಿಯಲಿಲ್ಲ.
'ನೆವಿಲ್‌ಗೆ ಫೋನು ಮಾಡಿದರೋ ಇಲ್ಲವೋ' ಎಂದಳು,
ನನ್ನನ್ನು ಕೇಳಿದ್ದಲ್ಲ.

ಎರಡು ಡಾಲರ್ ಇಟ್ಟಳು. ಬೇಡವೆಂದರೂ ಇಟ್ಟಳು.
ಚೀಟಿ, ಕ್ಲಿಪ್ಪು, ಬಟಾಣಿ ಮತ್ತೆ ಜೇಬಿಗೇ ಹಾಕಿ
ಕೋಟಿನ ಮೇಲೇ ಕಟ್ಟಿಕೊಂಡಳು.
ಇಷ್ಟು ವರ್ಷದಲ್ಲಿ ತನಗೆಂದು ಒಂದು ಹೊಲಿದದ್ದು ನಾ ಕಂಡಿಲ್ಲ.
ಆ ಕಪ್ಪು ಲಾಡಿ ಅವಳ ಸಣ್ಣ ಸೊಂಟವನ್ನು
ಎರಡು ಸುತ್ತು ಬಂದು, ಇನ್ನೂ ಉಳಿದು, ಮೊಣಕಾಲಿಗೆ ಇಳಿಯಿತು.

'ಕತ್ತರಿ ಕೊಡಲೇ?'
'ಬೇಡ. ಮುಂದಿನವರು ದಪ್ಪಗಿರಬಹುದು'
ಎಂದು ಬುಟ್ಟಿಗೆ ಬಗ್ಗಿದಳು.