ಚೆಕ್ಕುಬಂದಿ

ಒಂದು ಲ್ಯಾಪ್‌ಟಾಪು, ಅದಕ್ಕೆ ಎರಡು ಪರದೆ.
ಒಂದು ಹೊಸದು, ಪ್ಲಾಸ್ಟಿಕ್ ಸಿಪ್ಪೆ ಇನ್ನೂ ಸುಲಿಯದ್ದು.
ಇನ್ನೊಂದು ಚುನಾವಣೆ ಶಾಖೆಯಿಂದ ಸಹಿ ಹಾಕಿ ತಂದದ್ದು,
ಬೆನ್ನ ಮೇಲೆ ಬಿಳಿ ಪೇಂಟಿನ ನಂಬರು,
ಹೊಳೆನರಸೀಪುರ ಎಂದು ಯಾರೋ ಬರೆದು ಒರೆಸಿದ ಗುರುತು.

ಹಾಸನದ ಸರ್ವೆ ಕಚೇರಿಯಲ್ಲಿ ಮೂರನೇ ಮೇಜು ನನ್ನದು.
ಎಡಕ್ಕೆ ಕಿಟಕಿ, ಕಿಟಕಿಯಾಚೆ ಜೆರಾಕ್ಸ್ ಅಂಗಡಿ,
ಬಲಕ್ಕೆ ಗೋಡೆ, ಗೋಡೆಗೊರಗಿದ ನಕ್ಷೆ ಬೀರು.
ಇಷ್ಟು ದಿನ ಹದಿನಾಲ್ಕು ಅಂಗುಲದಲ್ಲಿ
ಊರುಗಳನ್ನು ಮಡಚಿ ಮಡಚಿ ನೋಡಿದೆ:
ಟಿಪ್ಪಣಿ ತೆರೆಯಲು ಆಕಾಶದ ಚಿತ್ರ ಮುಚ್ಚಿ,
ಚಿತ್ರ ತೆರೆಯಲು ಟಿಪ್ಪಣಿ ಮುಚ್ಚಿ,
ನಡುವಿನ ಒಂದು ಗೆರೆಯನ್ನು
ಬಿಸಿ ಲೋಟದ ಹಾಗೆ ಮನಸ್ಸಲ್ಲೇ ಹಿಡಿದುಕೊಂಡು.

ಮೊದಲ ತಂತಿ ಸಲೀಸು. ಹೊಸ ಪರದೆ ಕಣ್ಣು ಬಿಟ್ಟಿತು.
ಎರಡನೆಯದರ ಬಾಯಿ ಬೇರೆ ಕಾಲದ್ದು:
ನೀಲಿ ಮೂತಿ, ಹದಿನೈದು ಸೂಜಿ, ಎರಡು ತಿರುಪು.
ಲ್ಯಾಪ್‌ಟಾಪಿನಲ್ಲಿ ಉಳಿದದ್ದೋ
ಕುಂಬಳ ಬೀಜದಷ್ಟು ಒಂದು ತೂತು.
‘ನಡುವೆ ಒಬ್ಬರು ಬೇಕು ಮೇಡಂ, ಸಂಬಂಧ ಸುಮ್ಮನೆ ಕುದುರಲ್ಲ’
ಅಂದ ತೀರ್ಥಾಚಾರಿ, ಹೋಗಿ
ಒಂಬೈನೂರಕ್ಕೆ ಅಡಾಪ್ಟರು ತಂದ, ಬಿಲ್ಲು ಸಮೇತ.
ಆ ಬಿಲ್ಲು ಯಾವ ಹೆಡ್ಡಿಗೆ ಸೇರಬೇಕೆಂದು
ಇನ್ನೂ ತೀರ್ಮಾನವಾಗಿಲ್ಲ.

ಸಿಗ್ನಲ್ ಇಲ್ಲ ಎಂಬ ಪುಟ್ಟ ಪೆಟ್ಟಿಗೆ
ಆ ಅಂಚಿಂದ ಈ ಅಂಚಿಗೆ ತೇಲುತ್ತಿತ್ತು,
ಸಾಹೇಬರಿಲ್ಲದ ದಿನ ಬಂದ ಅರ್ಜಿದಾರನ ಹಾಗೆ.
ಆಮೇಲೆ, ಮೂರರಲ್ಲೂ ಒಂದೇ ಮುಖ.
ನಕಲು! ಈ ಕಚೇರಿಗೆ ಅನ್ನವೇ ಅದು:
ದೃಢೀಕರಿಸಿದ ನಕಲು, ನಕಲು ಶುಲ್ಕ, ನಕಲಿನ ನಕಲು.
ಬೇಡ, ವಿಸ್ತರಿಸು ಎಂದು ಒತ್ತಿದೆ.

ವಿಸ್ತರಿಸಿತು, ತಿರುವುಮುರುವಾಗಿ.
ಬಲಕ್ಕೆ ತಳ್ಳಿದ ಬಾಣ
ಕಿಟಕಿ ಕಡೆಯ ಪರದೆಯಲ್ಲಿ ಹುಟ್ಟಿತು.
ಇಪ್ಪತ್ತೊಂದು ವರ್ಷ ಊರೂರಿನ
ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಓಣಿ ಎಂದು ಬರೆದವಳು,
ಚೆಕ್ಕುಬಂದಿ ತಪ್ಪಿದ್ದು ನನ್ನ ಮೇಜಿನಲ್ಲೇ.
ಎರಡು ಬೂದು ಚೌಕ ಹಿಡಿದೆಳೆದು ಅದಲುಬದಲು ಮಾಡಿದೆ.
ತಕರಾರಿಲ್ಲ, ಮೂವತ್ತು ದಿನದ ನೋಟೀಸಿಲ್ಲ.
ಮೇಲಂಚಲ್ಲಿ ಮಾತ್ರ ಬಾಣ ದಾಟದೆ ತಡವರಿಸಿತು;
ಹಳೆ ಪರದೆ ಕುಳ್ಳು, ಎರಡು ಬೆರಳಿನ ಒತ್ತುವರಿ.
ತೀರ್ಥಾಚಾರಿ ರದ್ದಾದ ಪಹಣಿ ಪುಸ್ತಕವೊಂದನ್ನು ಅಡಿಗಿಟ್ಟ,
ನಾನು ಚೌಕವನ್ನು ಅಷ್ಟೇ ಮೇಲೆತ್ತಿದೆ.

ಬಾಗಿಲಲ್ಲಿ ಸಣ್ಣತಾಯಮ್ಮ, ಶಾಂತಿಗ್ರಾಮದ ಕಡೆಯವರು.
ಹದ್ದುಬಸ್ತಿಗೆ ಅರ್ಜಿ ಕೊಟ್ಟು ಐದು ತಿಂಗಳು,
ಪಕ್ಕದವನು ಬೇಲಿ ಸರಿಸಿದನೆಂದು ದೂರು.
ಬನ್ನಿ ಎಂದೆ. ಹೊಸ ಸೀರೆ ತೋರಿಸುವವಳ ಉಮೇದು ನನಗೆ.

ಎಡಕ್ಕೆ ಅವರ ಹೊಲದ ಟಿಪ್ಪಣಿ:
ಕಂದಿದ ಶಾಯಿ, ಸರಪಳಿ ಲೆಕ್ಕ, ಮೂಲೆಗೊಂದು ಸೊನ್ನೆ.
ಬಲಕ್ಕೆ ಮೇಲಿಂದ ತೆಗೆದ ಚಿತ್ರ:
ಆಲೂಗಡ್ಡೆ ಸಾಲು, ಕೆರೆ ಏರಿ, ಯಾವುದೋ ಟ್ರಾಕ್ಟರಿನ ನೆರಳು.
ಮೊದಲ ಸಲ ಎರಡೂ ಒಟ್ಟಿಗೆ, ಒಂದನ್ನೊಂದು ಮುಚ್ಚದೆ.
ಎಡದಲ್ಲಿ ಕಲ್ಲಿತ್ತು.
ಬಲದಲ್ಲಿ ಇರಲಿಲ್ಲ.

ಸೆರಗಿನಿಂದ ಕನ್ನಡಕ ಒರೆಸಿ ಅವರು ಬಾಗಿದರು.
ಎಡ, ಬಲ, ಮತ್ತೆ ಎಡ.
‘ಆ ಸೊನ್ನೆ ಕಲ್ಲಾ?’
ಹೂಂ.
‘ತಲೆ ಮ್ಯಾಲೆ ಗೀಟು ಇರೋದಾ?’
ಅದೇ.
ಫ್ಯಾನು ಒಂದು ಸುತ್ತು ತಿರುಗಿತು.
‘ಅದು ನಮ್ಮನೆ ಹಿತ್ತಲಲ್ಲಿ ಅದೆ ಕಣವ್ವ.
ಬಟ್ಟೆ ಒಗೆಯಕ್ಕೆ ಬೋ ಸಂದಾಗದೆ.’

ತೀರ್ಥಾಚಾರಿ ಕೆಮ್ಮುತ್ತಾ ಹೊರಗೆ ಹೋದ.
ಸೊನ್ನೆಯಿಂದ ಬಾಣವನ್ನು ಹೊರಡಿಸಿದೆ;
ಅಂಚು ದಾಟಿ, ಎಲ್ಲೂ ತಡೆಯದೆ,
ಆಲೂಗಡ್ಡೆ ಸಾಲಿನೊಳಗೆ ಹೋಗಿ ನಿಂತಿತು.
ಯಾರ ಸಾಲು ಎಂದು ಅವರು ಕೇಳಲಿಲ್ಲ.
ಗುರುವಾರ ಅಳತೆಗೆ ಬರುತ್ತೇನೆ, ಕಲ್ಲು ಅಲ್ಲೇ ಇರಲಿ ಎಂದೆ.

‘ಬನ್ನಿ’ ಅಂದರು ಸಣ್ಣತಾಯಮ್ಮ.
‘ಬುಧವಾರವೇ ಎಲ್ಲಾ ಒಗೆದು ಹಾಕಿರ್ತೀನಿ.’