ನಾಲ್ಕನೇ ವಾರದ ಫಿಲ್ಮು

ಮೈನಸ್ ಇಪ್ಪತ್ತರಲ್ಲಿ ಮಿದುಳು
ಸೀಮೆಸುಣ್ಣದಷ್ಟು ಗಟ್ಟಿ.
ಬ್ಲೇಡಿನಡಿ ಸುರುಳಿಯೇಳುವ ಪದರವನ್ನು
ಕುಂಚದ ತುದಿಯಲ್ಲಿ ಅಮುಕಿ ಹಿಡಿದು
ಗಾಜಿಗೆ ತಾಗಿಸಿ, ಹಿಂದಿನಿಂದ ಬೆರಳಿಟ್ಟರೆ
ಕರಗಿ ಕೂರುತ್ತದೆ, ಒದ್ದೆ ಅಂಚೆಚೀಟಿಯಂತೆ.
ಇದು ಇಪ್ಪತ್ತೊಂದು ದಿನ ಹ್ಯಾಲೋಪೆರಿಡಾಲ್ ಚುಚ್ಚಿಸಿಕೊಂಡ ಇಲಿ.
ಪಕ್ಕದ್ದಕ್ಕೆ ಬರೀ ಉಪ್ಪುನೀರು.

ತಾರ್ತುವಿನಲ್ಲಿ ಈಗ ಮೂರೂವರೆಗೇ ಸಂಜೆ.
ನನ್ನ ತಮ್ಮ ಎಂದೆಲ್ ಅದೇ ಔಷಧಿಯನ್ನು
ಹದಿನಾರು ವರ್ಷದಿಂದ ನುಂಗುತ್ತಿದ್ದಾನೆ.
ಅವನಿಗೆ ಉಪ್ಪುನೀರಿನ ಜೋಡಿಯಿಲ್ಲ.

ದನಿಗಳು ಹೋದವು, ಸುಳ್ಳೇಕೆ ಹೇಳಲಿ.
ರೇಡಿಯೋದೊಳಗಿನ ಗಂಡಸು
ಈಗ ಹವಾಮಾನವನ್ನಷ್ಟೇ ಓದುತ್ತಾನೆ.
ಆದರೆ ಮೊನ್ನೆ ಒಲೆಯ ಮೇಲಿನ ಕೆಟಲನ್ನು
ಬರಿಗೈಯಲ್ಲೆತ್ತಿ, ನನ್ನ ಲೋಟ ತುಂಬುವವರೆಗೂ
ಕೆಳಗಿಡಲಿಲ್ಲ.
ಅಂಗೈ ನೋಡಿಕೊಂಡು "ಸುಟ್ಟಿದೆ" ಎಂದ,
ಯಾರದೋ ಊರಿನ ಸುದ್ದಿಯಂತೆ.
ಜೇನು ಹಾಕಲೇ? "ಹಾಕಿದರೂ ಸರಿ."
ಚಮಚದ ಬೆನ್ನನ್ನೂ ನೆಕ್ಕುತ್ತಿದ್ದ ಹುಡುಗ,
ಜೇನಿನ ಡಬ್ಬಿಯನ್ನು ಅಮ್ಮ
ಹೊಲಿಗೆ ಯಂತ್ರದ ಹಿಂದೆ ಬಚ್ಚಿಡಬೇಕಿತ್ತು.

ಮಿದುಳು ತನಗೆ ತಾನೇ ಅರೆದುಕೊಳ್ಳುವ
ಚಿಟಿಕೆ ಅಫೀಮು ಇದೆ, ನೋವಿಗೆ, ಸವಿಗೆ.
ಅದು ಬಂದು ತಟ್ಟುವ ಕದಗಳಿವೆ.
ಆ ಕದ ಕಡೆಯುವ ಜೀನು ಎಲ್ಲೆಲ್ಲಿ ಮಾತಾಡಿತೋ
ಅಲ್ಲಲ್ಲಿ ಫಿಲ್ಮಿನ ಮೇಲೆ ಕಪ್ಪು ಕಾಳು.
"ಡೋಪಮೈನಿನ ಬಾಗಿಲಿಗೆ ನಾವು ಅಗುಳಿ ಹಾಕಿದರೆ
ಪಕ್ಕದ ಮನೆಯ ಬಡಗಿ ಸುಮ್ಮನಿರುತ್ತಾನೆಯೇ?"
ಪ್ರೊಫೆಸರ್ ಕಾಂಗ್ರೊ ಕೇಳುತ್ತಾರೆ.
"ಹೆಚ್ಚು ಕಡೆದನೋ, ಉಳಿಯನ್ನೇ ಕೆಳಗಿಟ್ಟನೋ,
ನೀನು ಎಣಿಸು. ಅರ್ಥ ಆಮೇಲೆ."

ಎಣಿಸಿದೆ. ಕೆಂಪು ದೀಪದಡಿ ತೊಳೆದು,
ತಂತಿಗೆ ಸಿಕ್ಕಿಸಿ, ಒಣಗಿಸಿ, ಮತ್ತೆ ಎಣಿಸಿದೆ.
ಇಲ್ಲಿ ದಟ್ಟ, ಅಲ್ಲಿ ತೆಳು,
ಒಂದು ಇಲಿ ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ.
ಕಾಳು ಹೇಳುವುದು ಇಷ್ಟೇ: ಇಲ್ಲಿ ಓಲೆ ಬರೆಯಲಾಯಿತು.
ಬಡಗಿ ಓದಿದನೇ, ಕದ ನಿಂತಿತೇ,
ನಿಂತ ಕದವನ್ನು ಯಾರಾದರೂ ತಟ್ಟಿದರೇ,
ಫಿಲ್ಮಿಗೆ ಅದು ಗೊತ್ತಿಲ್ಲ.

ಮಾತ್ರೆ ನಿಲ್ಲಿಸೋಣವೇ ಎಂದು
ನಾನು ಅವನನ್ನು ಕೇಳುವುದಿಲ್ಲ.
ಅವನು ಕಿಟಕಿಗಳಿಗೆಲ್ಲ ಮೊಳೆ ಹೊಡೆದ ಚಳಿಗಾಲ
ನನಗೆ ನೆನಪಿದೆ.

ರಾತ್ರಿ ಚಹಾಕ್ಕೆ ಕೇಳದೆಯೇ ಜೇನು ಹಾಕಿದೆ.
ಬ್ಯಾಂಡೇಜಿನ ಕೈಯಲ್ಲಿ ಕಲಕಿದ, ಕುಡಿದ,
ಕಿಟಕಿಯತ್ತ ನೋಡುತ್ತ
ಚಮಚ ಮಗುಚಿ ಅದರ ಬೆನ್ನು ನೆಕ್ಕಿದ.

ಒಂದೇ ಸಲ.
ಒಂದು ಸಲದ್ದು ಲೆಕ್ಕಕ್ಕಿಲ್ಲ, ಗೊತ್ತು.